ಬೆಣ್ಣೆ ಚಾವಡಿಯ ಹುಲ್ಲುಗಾವಲು

ಬೆಣ್ಣೆ ಎಂದ ಕೂಡಲೆ ನಮಗೆ ಹೆಂಗಸರಿಗೆ ಮೊದಲು ನೆನಪಾಗುವುದು ಅಡಿಗೆಮನೆ. ಕಡಗೋಲು, ಮಜ್ಜಿಗೆ ಗಡಿಗೆ, ತುಪ್ಪ ಕಾಯಿಸುವಾಗ ಹಾಕುವ ವೀಳ್ಯದೆಲೆ. ಆದರೆ ಮೈಸೂರು ಸೀಮೆಯ ಚರಿತ್ರೆಯಲ್ಲಿ ಬೆಣ್ಣೆಗೆಂದೇ ಒಂದು ಸರ್ಕಾರಿ ಇಲಾಖೆ ಇತ್ತು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳ ಹಿಂಡುಗಳನ್ನು ಒಂದೇ ಆಡಳಿತದ ಕೆಳಗೆ ತಂದರು. ಅದಕ್ಕೆ ಇಟ್ಟ ಹೆಸರು ‘ಬೆಣ್ಣೆ ಚಾವಡಿ’. ಆ ಹಿಂಡುಗಳು ಮೇಯಲು ರಾಜ್ಯದ ಬೇರೆ ಬೇರೆ ಕಡೆ ಹುಲ್ಲುಗಾವಲುಗಳನ್ನು ಗೊತ್ತುಮಾಡಿ, ಅಲ್ಲಿ ಯಾರೂ ನೇಗಿಲು ಹೂಡಬಾರದೆಂದು ಕಟ್ಟುಮಾಡಿದರು. ಆ ಹುಲ್ಲುಗಾವಲುಗಳೇ ಕಾವಲುಗಳು. ನಮ್ಮ ಅರಸೀಕೆರೆ, ಪಕ್ಕದ ಕಡೂರು, ತಿಪಟೂರುಗಳ ಕಡೆ ಬಸ್ಸಿನಲ್ಲಿ ಹೋಗುವಾಗ ಊರಿನ ಹೆಸರಿಗೆ ‘ಕಾವಲು’ ಎಂದು ಸೇರಿಸಿರುವ ಫಲಕ ಕಂಡರೆ, ಅದು ಮುನ್ನೂರು ವರ್ಷಗಳ ಹಿಂದಿನ ಆ ಬೆಣ್ಣೆಯ ಗುರುತು ಎಂದು ತಿಳಿಯಬಹುದು.

ನಾನು ಸಮಾಜ ವಿಜ್ಞಾನದ ಮೇಡಂ. ಮೂವತ್ತು ವರ್ಷಗಳ ಹತ್ತಿರ ಹತ್ತಿರ ಹೈಸ್ಕೂಲು ಮಕ್ಕಳಿಗೆ ಹೊಯ್ಸಳರ ಪಾಠ ಮಾಡಿದ್ದೇನೆ. ಅರಸೀಕೆರೆಯಲ್ಲಿದ್ದುಕೊಂಡು ಹೊಯ್ಸಳರ ಪಾಠ ಮಾಡುವುದು ಸುಲಭ. ಊರಿನ ಹೆಸರೇ ಅರಸಿ ಕಟ್ಟಿಸಿದ ಕೆರೆಯಿಂದ ಬಂದದ್ದೆನ್ನುತ್ತಾರೆ. ಊರಲ್ಲೇ 1220ರ ಸುಮಾರಿನ ಶಿವಾಲಯವಿದೆ, ಅದರ ಮುಂದೆ ನಕ್ಷತ್ರದಾಕಾರದ ಮಂಟಪವಿದೆ. ವರ್ಷಕ್ಕೊಮ್ಮೆ ಬೇಲೂರು ಹಳೇಬೀಡಿಗೆ ಪ್ರವಾಸವಂತೂ ಇದ್ದೇ ಇದೆ. ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಬೆಳಿಗ್ಗೆ ಹೊರಟರೆ ಜಾವಗಲ್ ದಾಟಿ ಹಳೇಬೀಡು, ಅಲ್ಲಿಂದ 16 ಕಿಲೋಮೀಟರು ಬೇಲೂರು.

ಹಳೇಬೀಡಿನ ಹೊಯ್ಸಳೇಶ್ವರನ ಗುಡಿಯ ಸುತ್ತ ಮಕ್ಕಳನ್ನು ನಡೆಸುವಾಗ ಕೆಳಗಿನಿಂದ ಮೇಲಕ್ಕೆ ಪಟ್ಟಿಕೆಗಳನ್ನು ಎಣಿಸಲು ಹೇಳುವುದು ವಾಡಿಕೆ. ಎಲ್ಲಕ್ಕಿಂತ ಕೆಳಗೆ ಆನೆಗಳು, ಅದರ ಮೇಲೆ ಸಿಂಹಗಳು, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆಗಳು, ಮೇಲೆ ಮಕರ, ಕೊನೆಗೆ ಹಂಸ. ಬೇಲೂರಿಗೆ ಬಂದರೆ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರು. ಒಬ್ಬಳ ಕೈಯಲ್ಲಿ ಗಿಳಿ, ಒಬ್ಬಳ ಸೀರೆ ಎಳೆಯುವ ಕೋತಿ. ಹಲಸಿನ ಹಣ್ಣಿನ ಮೇಲೆ ಕೂತ ನೊಣವನ್ನು ಹಿಡಿಯಲು ಹೊಂಚು ಹಾಕಿರುವ ಹಲ್ಲಿಯನ್ನು ಗೈಡು ತೋರಿಸಿದಾಗ ಮಕ್ಕಳು ಕಿರುಚುತ್ತಾರೆ. ಬಾಗಿಲ ಬಳಿ ಮೃಗದೊಡನೆ ಸೆಣಸುವ ಸಳ. ಶಾಸನಗಳು ಅದನ್ನು ಹುಲಿ ಎನ್ನುತ್ತವೆ, ಶಿಲ್ಪಿಗಳು ಕೆತ್ತಿರುವುದು ಕೇಸರವಿರುವ ಸಿಂಹದಂತೆ ಕಾಣುತ್ತದೆ.

ಹೀಗೆ ಒಂದು ವರ್ಷ ಸುತ್ತುತ್ತಿದ್ದಾಗ ಎಂಟನೆಯ ತರಗತಿಯ ಒಬ್ಬ ಹುಡುಗಿ ಕೇಳಿದಳು: “ಮಿಸ್, ಇದ್ರಲ್ಲಿ ನಮ್ಮೂರ ಕಡೆ ಪ್ರಾಣಿ ಯಾವ್ದೂ ಇಲ್ವಾ?” ಅವಳ ಊರು ಅರಸೀಕೆರೆಯ ಉತ್ತರಕ್ಕೆ, ಬಯಲು ಸೀಮೆ. ಆನೆ ಮಲೆನಾಡಿನದು, ಸಿಂಹ ಪುರಾಣದ್ದು, ಮಕರ ಕಲ್ಪನೆಯದು. ಬಯಲಿನದು ಏನಿದೆ? ನಾನು ಅವಳನ್ನು ಕರೆದು, ಗುಡಿಗಳಲ್ಲಲ್ಲ, ನಿಮ್ಮ ಕಡೆಯ ಊರುಗಳ ಬಾಗಿಲಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ನೋಡು ಎಂದೆ.

ನಮ್ಮ ತಾಲ್ಲೂಕಿನ ಸುತ್ತಮುತ್ತ ಹೊಯ್ಸಳರ ಕಾಲದ ವೀರಗಲ್ಲುಗಳು ಬಹಳ. ಹಲವುಗಳ ಕೆಳಗಿನ ಭಾಗದಲ್ಲಿ ಸಾಲಾಗಿ ನಿಂತ ಹಸುಗಳು, ಬಿಲ್ಲು ಹಿಡಿದ ಗಂಡಸು. ನಡುವಿನಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ. ತುರುಗೋಳಿನಲ್ಲಿ, ಎಂದರೆ ಶತ್ರುಗಳು ಹೊಡೆದುಕೊಂಡು ಹೋದ ಹಸುಗಳನ್ನು ಮರಳಿ ತರುವ ಕಾಳಗದಲ್ಲಿ ಸತ್ತವರ ನೆನಪು ಅದು. ಬಂಗಾರಕ್ಕಲ್ಲ, ಊರಿನ ಹಸುಗಳಿಗಾಗಿ ಪ್ರಾಣ ಕೊಟ್ಟವರಿಗೆ ಊರು ಕಲ್ಲು ನಿಲ್ಲಿಸಿದೆ. ಬೇಲೂರಿನ ಕಡೆ ಮಳೆ ಹೆಚ್ಚು. ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತದೆ, ಭತ್ತ ಹೋಗಿ ರಾಗಿ ಬರುತ್ತದೆ, ಮರ ಹೋಗಿ ಹುಲ್ಲು ಬರುತ್ತದೆ. ಈ ಹುಲ್ಲೇ ಇಲ್ಲಿನ ಸಿರಿಯಾಗಿತ್ತು. ಬೆಣ್ಣೆ ಚಾವಡಿಯ ಕಾವಲುಗಳು ಇದೇ ಸೀಮೆಯಲ್ಲಿ ಹರಡಿಕೊಂಡದ್ದು ಆಶ್ಚರ್ಯವಲ್ಲ.

ಬೆಣ್ಣೆಯ ಹಿಂಡು ಯುದ್ಧದ ಹಿಂಡಾದದ್ದು ಹೈದರಾಲಿಯ ಕಾಲದಲ್ಲಿ. ಫಿರಂಗಿ, ಮದ್ದುಗುಂಡು, ದವಸ ಎಲ್ಲವನ್ನೂ ಎಳೆಯಲು ಎತ್ತುಗಳೇ ಬೇಕು. ಈ ಎತ್ತುಗಳ ಬಲದಿಂದ ಹೈದರ್ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದನೆಂದು ಬರೆದಿಟ್ಟಿದ್ದಾರೆ. ಟಿಪ್ಪು ಸುಲ್ತಾನ್ ಇಲಾಖೆಯ ಹೆಸರನ್ನು ‘ಅಮೃತ ಮಹಲ್’ ಎಂದು ಬದಲಾಯಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಇಂಗ್ಲಿಷರ ಕೈಗೆ ಹೋದವು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಅವರು ಇಲಾಖೆಯನ್ನು ಮುಚ್ಚಿ ದನಗಳನ್ನು ಮಾರಿಬಿಟ್ಟರು. ಆಮೇಲೆ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದೆ ಒದ್ದಾಡಿ, 1866ರಲ್ಲಿ ಮತ್ತೆ ಆರಂಭಿಸಿದರು. ಮಾರುವುದು ಒಂದು ದಿನದ ಕೆಲಸ, ತಳಿ ಕಟ್ಟುವುದು ಒಂದು ತಲೆಮಾರಿನ ಕೆಲಸ ಎಂಬ ಪಾಠವನ್ನು ಅವರೂ ಕಲಿತರು. ಮುಂದೆ 1880ರ ದಶಕದಲ್ಲಿ ಅದು ಮೈಸೂರು ಸರ್ಕಾರಕ್ಕೆ ಮರಳಿತು.

ಆ ಕಾಲದ ವ್ಯವಸ್ಥೆಯನ್ನು ನೋಡಿದರೆ ಮೆಚ್ಚುಗೆಯಾಗುತ್ತದೆ. ಕಾವಲುಗಳಲ್ಲಿ ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದು ಎಂದು ಮೂರು ಬಗೆ. ಎಲ್ಲಿ ಮಳೆ ಬಂದೊಡನೆ ಹುಲ್ಲು ಏಳುತ್ತದೆ, ಎಲ್ಲಿ ನೆರಳು ನೀರು ಬೇಸಿಗೆಯಲ್ಲೂ ಉಳಿಯುತ್ತದೆ ಎಂಬುದನ್ನು ತಿಳಿದು ಹಿಂಡುಗಳನ್ನು ಒಂದರಿಂದ ಒಂದಕ್ಕೆ ಹೊಡೆಯುತ್ತಿದ್ದರು. ಬೇಸಿಗೆಯ ಕಾವಲಿಗೆ ಹೆಚ್ಚು ಬೆಲೆ, ಏಕೆಂದರೆ ಅಲ್ಲಿ ಮರದ ನೆರಳೂ ಕೆರೆಯಂಗಳದ ಮೇವೂ ಇರುತ್ತಿದ್ದವು. ಹಿಂಡು ಹೋದ ಮೇಲೆ ಆ ನೆಲಕ್ಕೆ ವಿಶ್ರಾಂತಿ. ಹುಲ್ಲು ತೆನೆ ಬಿಟ್ಟು, ಬೀಜ ಉದುರಿ, ಮುಂದಿನ ಮಳೆಗೆ ಕಾಯುತ್ತಿತ್ತು. ಒಟ್ಟು 240 ಕಾವಲುಗಳು, 4 ಲಕ್ಷ ಎಕರೆಗೂ ಮೀರಿದ ವಿಸ್ತಾರ.

ಈ ಏರ್ಪಾಟು ಮಾಡಿದವರು ಕಾಡುಪ್ರಾಣಿಗಳ ಬಗ್ಗೆ ಯೋಚಿಸಿರಲಾರರು. ಅವರಿಗೆ ಬೇಕಾದದ್ದು ಬೆಣ್ಣೆ, ಆಮೇಲೆ ಎತ್ತು. ಆದರೆ ನೇಗಿಲು ಕಾಣದ, ಬೇಲಿಯಿಲ್ಲದ, ಕಣ್ಣು ಹಾಯುವಷ್ಟು ದೂರದ ಹುಲ್ಲು ಇದ್ದರೆ ಸಾಕೆಂದು ಕಾಯುತ್ತಿದ್ದ ಜೀವಿಗಳು ಬೇರೆಯೇ ಇದ್ದವು. ಅದರಲ್ಲಿ ಮೊದಲನೆಯದು ಕೃಷ್ಣಮೃಗ, ಹಳ್ಳಿಯವರ ಬಾಯಲ್ಲಿ ಹುಲ್ಲೆ ಅಥವಾ ಚಿಗರೆ. ಅದಕ್ಕೆ ಕಾಡು ಬೇಡ, ಬಯಲು ಬೇಕು. ಶತ್ರುವನ್ನು ದೂರದಿಂದಲೇ ಕಂಡು ಓಡುವುದೇ ಅದರ ಉಪಾಯ. ಮರ ದಟ್ಟವಾದರೆ ಅದಕ್ಕೆ ಕಣ್ಣು ಕಟ್ಟಿದಂತೆ. ಮರಿ ಹಾಕಿದ ತಾಯಿ ಮೊದಲ ಕೆಲವು ದಿನ ಮರಿಯನ್ನು ಹುಲ್ಲಿನಲ್ಲಿ ಬಚ್ಚಿಟ್ಟು, ತಾನು ದೂರದಲ್ಲಿ ಮೇಯುತ್ತ, ಹಾಲೂಡಿಸಲು ಮಾತ್ರ ಬಂದು ಹೋಗುತ್ತದೆ. ಮರಿ ಅಲುಗದೆ ಮಲಗಿರುತ್ತದೆ. ಹುಲ್ಲು ಮೊಳಕಾಲೆತ್ತರವಾದರೂ ಇಲ್ಲದಿದ್ದರೆ ಆ ತೊಟ್ಟಿಲು ಇಲ್ಲ.

ಎರಡನೆಯದು ತೋಳ. ತೋಳನ ಹೆಸರು ಹೇಳಿ ಮಕ್ಕಳನ್ನು ಹೆದರಿಸಿ ಮಲಗಿಸುತ್ತೇವೆ. ಆದರೆ ಅದರ ಸಂಸಾರವನ್ನು ಕೇಳಿದರೆ ನಮ್ಮ ಅವಿಭಕ್ತ ಕುಟುಂಬಗಳೇ ನೆನಪಾಗುತ್ತವೆ. ನೆಲದ ಬಿಲದಲ್ಲಿ ಮರಿ ಹಾಕಿದ ತಾಯಿಗೂ ಮರಿಗಳಿಗೂ ಗುಂಪಿನ ಇತರರು ಆಹಾರ ತಂದು ಕೊಡುತ್ತವೆ, ಹಿಂದಿನ ಸೂಲಿನ ಅಕ್ಕ ಅಣ್ಣಂದಿರೂ ಮರಿಗಳನ್ನು ನೋಡಿಕೊಳ್ಳುತ್ತವೆ. ಮೂರನೆಯದು ಎರೆಭೂತ ಅಥವಾ ಎರ್ಲಡ್ಡು ಎಂಬ ದೊಡ್ಡ ಹಕ್ಕಿ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಟ್ಟು ಕಾವು ಕೊಡುತ್ತದೆ. ನಾಲ್ಕನೆಯದು ಶಿವಂಗಿ, ಎಂದರೆ ಚೀತಾ. ಇವುಗಳ ಜೊತೆಗೆ ನರಿ, ಮೊಲ, ಕೌಜುಗ, ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಹಾರಿ ಬಂದು ಹುಲ್ಲಿನಲ್ಲೇ ರಾತ್ರಿ ಕಳೆಯುವ ಗಿಡುಗದ ಜಾತಿಯ ಹಕ್ಕಿಗಳು.

ನಮ್ಮಮ್ಮನ ತವರು ಒಂದು ಕಾವಲಿನ ಪಕ್ಕದ ಹಳ್ಳಿ. ಅಮ್ಮ ಹೇಳುತ್ತಿದ್ದ ಕಾವಲು ಸರ್ಕಾರದ ಕಡತದ ಕಾವಲಲ್ಲ, ಹೆಂಗಸರ ಕಾವಲು. ಪೊರಕೆಗೆ ಹಂಚಿಕಡ್ಡಿ ಅಲ್ಲಿಂದಲೇ ಬರಬೇಕು. ಮಳೆ ಬಿದ್ದ ಹದಿನೈದು ದಿನಕ್ಕೆ ಅಣ್ಣೆಸೊಪ್ಪು, ಬಸ್ಸಾರಿಗೆ ಬೆರಕೆ ಸೊಪ್ಪು. ಒಲೆಗೆ ಒಣಸಗಣಿ. ಮಂಕರಿ ಹೊತ್ತು ಹೋಗುವಾಗ ಅಮೃತ ಮಹಲ್ ಹಸುಗಳಿಗೆ ಮಾತ್ರ ಹೆದರುತ್ತಿದ್ದರಂತೆ. ಆ ಹಸುಗಳು ಹೊಸಬರನ್ನು ಹತ್ತಿರ ಸೇರಿಸುವುದಿಲ್ಲ, ಹಿಂದಕ್ಕೆ ಬಾಗಿದ ಉದ್ದನೆಯ ಕೊಂಬು ಬೀಸಿ ಬರುತ್ತವೆ. “ಹುಲ್ಲೆ ಕಂಡ್ರೆ ನಾವು ಹೆದರ್ತಿರ್ಲಿಲ್ಲ, ಅವೇ ಹೆದರ್ತಿದ್ವು. ತೋಳ ಕಂಡ್ರೆ ನಮ್ ಪಾಡಿಗೆ ನಾವು, ಅದರ ಪಾಡಿಗೆ ಅದು” ಎನ್ನುತ್ತಿದ್ದಳು ಅಮ್ಮ. ಕುರಿ ಕಾಯುವವರ ಮಾತು ಬೇರೆ. ತೋಳ ಒಂದು ಕುರಿ ಹೊತ್ತೊಯ್ದರೆ ಆ ಮನೆಗೆ ಆ ತಿಂಗಳು ಕಷ್ಟವೇ. ಆದರೂ ಅವರು ನಾಯಿ ಸಾಕಿ, ರಾತ್ರಿ ಎದ್ದು ಕೂತು, ತೋಳನ ಜೊತೆಯಲ್ಲೇ ಶತಮಾನಗಳನ್ನು ಕಳೆದವರು.

ಈಗ ಲೆಕ್ಕ ನೋಡೋಣ. ಶಿವಂಗಿ ನಮ್ಮ ದೇಶದಲ್ಲಿ ಅಳಿದುಹೋಯಿತೆಂದು 1952ರಲ್ಲಿ ಸಾರಿದರು. ಎಪ್ಪತ್ತು ವರ್ಷಗಳ ಮೇಲೆ, 2022ರಲ್ಲಿ, ಆಫ್ರಿಕದ ನಮೀಬಿಯದಿಂದ ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಡಬೇಕಾಯಿತು. ಎರೆಭೂತವನ್ನು ರಾಷ್ಟ್ರಪಕ್ಷಿಯನ್ನಾಗಿ ಮಾಡಿ ಎಂದು ಪಕ್ಷಿತಜ್ಞ ಸಲೀಂ ಅಲಿಯವರು ಸೂಚಿಸಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಇಂದು ಇಡೀ ದೇಶದ ಬಯಲುಗಳಲ್ಲಿ ಆ ಹಕ್ಕಿ ಇನ್ನೂರಕ್ಕಿಂತ ಕಡಿಮೆ ಎಂದು ಅಂದಾಜು. ನಮ್ಮ ರಾಜ್ಯದಲ್ಲಿ ಈಚಿನ ವರ್ಷಗಳಲ್ಲಿ ಕಂಡಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ, ಅದೂ ಬೆರಳೆಣಿಕೆಯಷ್ಟು. ರಾಣೆಬೆನ್ನೂರಿನಲ್ಲಿ 1974ರಲ್ಲೇ ಕೃಷ್ಣಮೃಗ ಧಾಮ ಮಾಡಿದರೂ ಅಲ್ಲಿನ ಬಯಲಿನ ಬಹುಭಾಗ ನೀಲಗಿರಿ ತೋಪಾಗಿತ್ತು. ಹುಲ್ಲೆ ಹೇಗೋ ಹೊಂದಿಕೊಂಡಿತು, ಎರೆಭೂತ ಹೊರಟುಹೋಯಿತು.

ಇಲ್ಲೇ ನನಗೆ ಚರಿತ್ರೆ ಕಲಿಸುವ ಮಾತೊಂದಿದೆ. ಬೇಟೆಯೊಂದೇ ಈ ಪ್ರಾಣಿಗಳನ್ನು ಕೊಲ್ಲಲಿಲ್ಲ. ಒಂದು ಶಬ್ದವೂ ಕೊಂದಿತು. ಆ ಶಬ್ದ ‘ಬಂಜರು’. ಮರ ಇಲ್ಲದಿದ್ದರೆ ಅದು ಕಾಡಲ್ಲ, ಬೆಳೆ ಇಲ್ಲದಿದ್ದರೆ ಅದು ಹೊಲವಲ್ಲ, ಹಾಗಾದರೆ ಅದು ಬಂಜರು ಎಂದು ಕಡತದಲ್ಲಿ ಬರೆದುಬಿಟ್ಟರೆ ಮುಗಿಯಿತು. ಅರಣ್ಯ ಬೆಳೆಸುವವರು ಒಳ್ಳೆಯ ಮನಸ್ಸಿನಿಂದಲೇ ಬಂದು ನೀಲಗಿರಿ ನೆಟ್ಟರು. ವನಮಹೋತ್ಸವದ ದಿನ ನಾವು ಶಾಲೆಯವರೂ ಸಾಲಾಗಿ ಹೋಗಿ ಗುಂಡಿಗೆ ನೀರು ಹಾಕಿ ಬಂದದ್ದುಂಟು. ಆಮೇಲೆ ಬಡಾವಣೆ ಬಂತು, ಕಾರ್ಖಾನೆ ಬಂತು, ಕಾಲೇಜು ಬಂತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಡೆಯ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು ದೇಶದ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ, ಕುರಿ ಮೇಯಿಸುವ, ಕಂಬಳಿ ನೇಯುವ ಜನ ಎದ್ದು ನಿಂತರು. ವಿಷಯ 2013ರಲ್ಲಿ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ನಾಲ್ಕು ಲಕ್ಷ ಎಕರೆಗೂ ಮೀರಿದ್ದ ಕಾವಲು ಇಂದು ಒಂದು ಲಕ್ಷ ಎಕರೆಯೂ ಉಳಿದಿಲ್ಲ.

ಆದರೆ ಇದನ್ನು ಬರೆಯುವಾಗ ನನ್ನ ಮುಂದೆ ನನ್ನ ತರಗತಿಯ ಮಕ್ಕಳೂ ಕೂತಿರುತ್ತಾರೆ. ಕಾವಲಿನ ಅಂಚನ್ನು ಉತ್ತು ರಾಗಿ ಬೆಳೆದವರ ಮಕ್ಕಳು ಅವರಲ್ಲಿದ್ದಾರೆ. ಬಗರ್‌ಹುಕುಂ ಅರ್ಜಿ ಹಾಕಿ ಇಪ್ಪತ್ತು ವರ್ಷ ಕಾದ ಅಪ್ಪನ ಮಗಳು, ಫೀಸಿಗೆಂದು ಆ ರಾಗಿ ಮಾರಿದ ದುಡ್ಡನ್ನೇ ತಂದು ನನ್ನ ಮೇಜಿನ ಮೇಲೆ ಇಟ್ಟಿದ್ದಾಳೆ. ಎರಡು ಎಕರೆ ಇಲ್ಲದವನಿಗೆ ಹುಲ್ಲೆಯ ನ್ಯಾಯ ಹೇಳಲು ನನಗೆ ನಾಲಗೆ ಏಳುವುದಿಲ್ಲ. ಕಾವಲನ್ನು ತಿಂದವರಲ್ಲಿ ಇಂಥವರ ಪಾಲು ಸಣ್ಣದು, ಇವರ ಹೆಸರು ಮಾತ್ರ ದೊಡ್ಡದಾಗಿ ಕೇಳುತ್ತದೆ ಎಂಬುದು ನನ್ನ ಅನಿಸಿಕೆ. ಇರುವ ಕಾವಲನ್ನು ಇನ್ನು ಕತ್ತರಿಸದೆ ಉಳಿಸುವುದು, ಅದರ ಅಂಚಿನಲ್ಲಿ ಈಗಾಗಲೇ ಬದುಕು ಕಟ್ಟಿಕೊಂಡವರನ್ನು ಕಳ್ಳರೆನ್ನದೆ ಜೊತೆಗೆ ಸೇರಿಸಿಕೊಳ್ಳುವುದು, ಈ ಎರಡೂ ಒಟ್ಟಿಗೆ ಆಗಬೇಕು. ಒಂದನ್ನು ಬಿಟ್ಟು ಒಂದು ನಿಲ್ಲದು.

ಆಶಾದಾಯಕವಾದದ್ದೂ ಇಲ್ಲದಿಲ್ಲ. ವಿಷ್ಣುವರ್ಧನನ ಕಾಲದಿಂದ ಹೆಸರಾದ ಮೇಲುಕೋಟೆಯ ಬೆಟ್ಟಗಳಲ್ಲಿ 1974ರಲ್ಲೇ ತೋಳಗಳಿಗಾಗಿ ಧಾಮ ಮಾಡಿದರು. 2007ರಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಬಂತು, ಸುಮಾರು 800 ಎಕರೆ. 2011ರಲ್ಲಿ ನಮ್ಮ ನೆರೆಯ ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲನ್ನೇ ಸಂರಕ್ಷಣಾ ಮೀಸಲೆಂದು ಸಾರಿದರು, ಸುಮಾರು 1,800 ಎಕರೆ. ಬಾಸೂರಿನ ವಿಶೇಷವೆಂದರೆ ಅಲ್ಲಿ ಬೆಣ್ಣೆ ಚಾವಡಿಯ ದನಗಳ ಸಂತತಿಯೂ ಹುಲ್ಲೆ ತೋಳಗಳೂ ಒಂದೇ ಹುಲ್ಲಿನಲ್ಲಿ ಇವೆ. ಚಿಕ್ಕದೇವರಾಜ ಒಡೆಯರ ಕಾಲದ ಏರ್ಪಾಟಿನ ಒಂದು ತುಣುಕು ಹೆಚ್ಚು ಕಡಿಮೆ ಹಾಗೆಯೇ ಉಳಿದಿದೆ. ಈಚೆಗೆ ನಮ್ಮ ಅರಸೀಕೆರೆಯ ಕಲ್ಲುಗುಡ್ಡಗಳಿಗೂ ಕರಡಿ ಧಾಮದ ಹೆಸರು ಬಂದಿದೆ. ಜೇನುಕಲ್ಲು ಸಿದ್ದೇಶ್ವರನ ಬೆಟ್ಟವಿರುವ ಊರಿಗೆ ಕರಡಿ ಹೊಸದೇನಲ್ಲ. ಜೇನೂ ಗೆದ್ದಲೂ ಇದ್ದ ಕಡೆ ಅದು ಇದ್ದೇ ಇರುತ್ತದೆ.

ತಳಿಯ ಮಾತನ್ನೂ ಹೇಳಬೇಕು. ಟ್ರಾಕ್ಟರು ಬಂದ ಮೇಲೆ ಅಮೃತ ಮಹಲ್ ಎತ್ತನ್ನು ಕೇಳುವವರು ಕಡಿಮೆಯಾದರು. ಹಾಲಿನ ಲೆಕ್ಕದಲ್ಲಿ ಆ ಹಸು ಡೇರಿಗೆ ಬೇಡ. ಅಜ್ಜಂಪುರದ ತಳಿ ಕೇಂದ್ರದವರು ಗಂಡು ಕರುಗಳನ್ನು ವರ್ಷಕ್ಕೊಮ್ಮೆ ಹರಾಜು ಹಾಕುವಾಗ ದೂರದೂರದಿಂದ ರೈತರು ಬರುವುದನ್ನು ಕಂಡರೆ ಪ್ರೀತಿ ಪೂರ್ತಿ ಸತ್ತಿಲ್ಲವೆನ್ನಿಸುತ್ತದೆ. ಹುಲ್ಲೆಗೂ ಈ ಹಸುವಿಗೂ ಈಗ ಒಂದೇ ಗತಿ. ಕಾವಲು ಉಳಿದರೆ ಎರಡೂ ಉಳಿಯುತ್ತವೆ.

ಪೇಟೆಯಲ್ಲಿರುವ ನಮಗೆ ಇದರಿಂದೇನು ಎಂದು ನೀವು ಕೇಳಬಹುದು. ಆನೆಯ ಸುದ್ದಿ ನಮಗೆ ದಿನವೂ ಬರುತ್ತದೆ. ಬೇಲೂರಿನ ಕಾಫಿತೋಟಗಳಲ್ಲಿ ಆನೆ ನುಗ್ಗಿದರೆ, ಜನ ಸತ್ತರೆ, ಅದು ನೋವಿನ ಸುದ್ದಿ, ಪತ್ರಿಕೆಯಲ್ಲಿ ಬರಲೇಬೇಕು. ಹುಲ್ಲು ಸದ್ದಿಲ್ಲದೆ ಹೋಗುತ್ತದೆ. ಆದರೆ ಕಾವಲಿನ ಹುಲ್ಲು ಬಿದ್ದ ಮಳೆಯನ್ನು ಹಿಡಿದು ನೆಲಕ್ಕೆ ಇಳಿಸುತ್ತದೆ. ಕೊಳವೆ ಬಾವಿ ಬತ್ತಿ ತೆಂಗಿನ ಸುಳಿ ಒಣಗುವುದನ್ನು ನೋಡಿದ ಈ ಸೀಮೆಯ ಹೆಂಗಸರಿಗೆ, ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಇಟ್ಟವರಿಗೆ, ಆ ನೀರಿನ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಎಂಟು ನೂರು ವರ್ಷದ ಕಲ್ಲನ್ನು ಕಾಯಲು ಕಾನೂನಿದೆ, ಕಾವಲುಗಾರರಿದ್ದಾರೆ. ಮುನ್ನೂರು ವರ್ಷದ ಹುಲ್ಲೂ ಪರಂಪರೆಯೇ ಅಲ್ಲವೆ? ಕೃಷ್ಣಮೃಗ, ತೋಳ ಎರಡಕ್ಕೂ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಅವು ನಿಲ್ಲುವ ನೆಲಕ್ಕೆ ಆ ರಕ್ಷಣೆ ಎಲ್ಲ ಕಡೆಯೂ ಇಲ್ಲ.

ಕಳೆದ ಡಿಸೆಂಬರಿನ ಪ್ರವಾಸದಲ್ಲಿ ಹೊಸದೊಂದನ್ನು ಮಾಡಿದೆವು. ಹಳೇಬೀಡು ನೋಡಿಕೊಂಡು ಕಡೂರಿನ ಕಡೆ ತಿರುಗಿ, ಮೊದಲೇ ಕೇಳಿಕೊಂಡಿದ್ದರಿಂದ, ಕಾವಲಿನ ಅಂಚಿನಲ್ಲಿ ಬಸ್ಸು ನಿಲ್ಲಿಸಿ ಮಕ್ಕಳನ್ನು ಇಳಿಸಿದೆ. ಸಂಜೆಯ ಬಿಸಿಲು, ಒಣಗಿ ಹೊಂಬಣ್ಣವಾದ ಹುಲ್ಲು. ಗದ್ದಲ ಮಾಡಬೇಡಿ ಎಂದು ನಾನು ಹೇಳಬೇಕಾಗಲಿಲ್ಲ. ಮೊದಲು ಏನೂ ಕಾಣಲಿಲ್ಲ. ಆಮೇಲೆ ಹುಲ್ಲಿನ ಬಣ್ಣದ್ದೇ ಹೆಣ್ಣುಗಳು ಒಂದೊಂದಾಗಿ ತಲೆಯೆತ್ತಿದವು, ಸುರುಳಿ ಕೊಂಬಿನ ಕರಿಯ ಗಂಡೊಂದು ಅವುಗಳ ಮುಂದೆ ಬಂದು ನಿಂತಿತು. ಮಕ್ಕಳು ಬೆರಳು ಮಡಿಸಿ ಎಣಿಸಿದರು. ಒಬ್ಬಳು ಹದಿನೇಳು ಎಂದಳು, ಇನ್ನೊಬ್ಬಳು ಹತ್ತೊಂಬತ್ತು ಎಂದು ಜಗಳ ತೆಗೆದಳು. ಮುಂದಿನ ವರ್ಷ ಮತ್ತೆ ಬಂದು ಎಣಿಸಿ, ಪುಸ್ತಕದಲ್ಲಿ ಬರೆದಿಡಿ ಎಂದು ಒಂದು ನೋಟ್‌ಬುಕ್ಕನ್ನು ತರಗತಿಗೆ ಕೊಟ್ಟಿದ್ದೇನೆ. ಇನ್ನು ಕೆಲವು ವರ್ಷಕ್ಕೆ ನಾನು ನಿವೃತ್ತಳಾಗುತ್ತೇನೆ. ಆ ಪುಸ್ತಕ ಶಾಲೆಯ ಬೀರುವಿನಲ್ಲೇ ಇರುತ್ತದೆ, ಬರೆಯಲು ಪುಟಗಳು ಬೇಕಾದಷ್ಟಿವೆ.